ಎಂಟನೆಯ ದಿನದ ತೋಳು

ವಿರಾಜಪೇಟೆಯಾಚೆಯ ಸಣ್ಣ ಇಗರ್ಜಿಯ ಬಡಗಣ ಗೋಡೆ
ಹೊಟ್ಟೆ ಬಿಟ್ಟಿದೆಯೆಂದು ನನ್ನನ್ನು ಕರೆಸಿದ್ದರು.
ಮೂರು ಕಿಟಕಿ, ಚೂಪು ಕಮಾನಿನವು.
ನಡುವಿನದರ ನೆತ್ತಿಯಲ್ಲಿ ಬೆರಳು ತೂರುವಷ್ಟು ಬಿರುಕು.
ಮೂರು ದಿನ ನಾನು ಬರೀ ನೋಡಿದೆ.
ಕೂಲಿ ಕೊಡುವವರ ಪ್ರಕಾರ ನೋಡುವುದು ಕೆಲಸವಲ್ಲ.

"ಇದಕ್ಕೆ ಲ್ಯಾನ್ಸೆಟ್ ಅನ್ನುತ್ತಾರೆ, ಅರುಳಪ್ಪ ಮೇಸ್ತ್ರಿ,"
ಎಂದರು ಫಾದರ್ ಲಿಗೋರಿ, ಕಿಟಕಿಗೆ ಕೈಮಾಡಿ.
ಆಮೇಲೆ ಕಪಾಟಿನ ಕೆಳಖಾನೆಯಿಂದ
ಆಮೆಚಿಪ್ಪಿನ ಡಬ್ಬಿಯೊಂದು ತೆಗೆದು
"ಇದಕ್ಕೂ" ಎಂದರು.

ಒಳಗೆ ನಾಲ್ಕು. ಐದನೆಯದರ ಜಾಗ ಖಾಲಿ.
ಹೆಬ್ಬೆರಳುದ್ದದ ಅಲಗು; ಎರಡೂ ಬದಿ ಬಾಗಿ ಬಂದು
ತುದಿಯಲ್ಲಿ ತಟಕ್ಕನೆ ಸೇರಿದ್ದವು,
ಕಿಟಕಿಯನ್ನೇ ಯಾರೋ ಮಸೆದು ಮಸೆದು
ಇಷ್ಟು ಮಾಡಿದ ಹಾಗೆ.

ಚೂಪು ಕಮಾನು ನನ್ನಪ್ಪ ಕಲಿಸಿದ ಲೆಕ್ಕ.
ನೆಲಕ್ಕೆ ಸುಣ್ಣ. ಎರಡು ಮೊಳೆ. ಒಂದು ದಾರ.
ಈ ಮೊಳೆಯಿಂದ ಆ ಕಡೆಗೆ ಒಂದು ಗೀರು,
ಆ ಮೊಳೆಯಿಂದ ಈ ಕಡೆಗೆ.
ಮೊಳೆಯನ್ನು ಅಗಲದಾಚೆ ಹೊಡೆದರೆ ಇನ್ನೂ ಚೂಪು.
ಎರಡೂ ದುಂಡಿನ ತುಂಡೇ,
ಮತ್ತೆ ಚೂಪು ಎಲ್ಲಿಂದ ಬಂತಪ್ಪಾ ಎಂದರೆ
ಅಪ್ಪ ಬೀಡಿ ಹಚ್ಚುತ್ತಿದ್ದ.

ಡಬ್ಬಿ, ದಾಕು ಹಾಕುತ್ತಿದ್ದ ಮರಿಯಾದಾಸನದಂತೆ.
ಐದು ತಲೆಮಾರಿನ ಹಿಂದೆ, ಸಿಡುಬನ್ನು
ಅಮ್ಮ ಎಂದು ಕರೆದು ಬಾಗಿಲಿಗೆ ಬೇವು ಕಟ್ಟುತ್ತಿದ್ದ ಕಾಲ.
ಮದ್ದು ಸೀಸೆಯಲ್ಲಿ ಕೆಡುತ್ತಿತ್ತು.
ಹಾಗಾಗಿ ಮಗುವಿನ ತೋಳಿನಲ್ಲಿ ನಡೆದು ಹೋಗುತ್ತಿತ್ತು:
ಒಬ್ಬನಿಗೆ ಗೀರಿದರೆ ಎಂಟನೆಯ ದಿನಕ್ಕೆ ಗುಳ್ಳೆ ಹಣ್ಣು,
ಅದನ್ನು ಚುಚ್ಚಿ, ಅಲಗಿನ ತುದಿಗೆ ನಿಂತ ಹನಿ
ಇನ್ನೊಬ್ಬನ ತೋಳಿಗೆ.
ಆ ಇನ್ನೊಬ್ಬ, ಹಣ್ಣಾಗುವುದರೊಳಗೆ
ಮುಂದಿನ ಊರು ಮುಟ್ಟಬೇಕು.

ಯಾರ ಮಗು ಎಂದು ನಾನು ಕೇಳಲಿಲ್ಲ.
ಯಾರ ಮಗುವನ್ನು ಹಾಗೆ ಕಳಿಸಬಹುದಿತ್ತೋ ಅವರದು.
ಪುಸ್ತಕದ ಹಾಳೆ ಜೇಡನ ಬಣ್ಣಕ್ಕೆ ತಿರುಗಿತ್ತು.
ಫಾದರ್ ಕನ್ನಡಕ ಏರಿಸಿ ಓದಿದರು:
"ಚಾತ. ಗದ್ದೆಯಾಳಿನ ಮಗ. ವಯಸ್ಸು ಏಳಿರಬಹುದು.
ಪೇಟೆಯಿಂದ ಬೇತ್ರಿ, ಹೊಳೆ ದಾಟಿ ಮೂರ್ನಾಡು.
ದೋಣಿಯಲ್ಲಿ ತೋಳು ಎತ್ತಿ ಹಿಡಿದಿದ್ದ.
ಅರ್ಧ ಆಣೆ. ಕೆರೆಯಲಿಲ್ಲ."

ಅಷ್ಟೇ. ವಾಪಸು ಬಂದನೋ ಇಲ್ಲವೋ
ಮುಂದಿನ ಹಾಳೆ ಗೆದ್ದಲಿಗೆ.

ಬಿರುಕಿನ ಕಲ್ಲುಗಳನ್ನು ಇಳಿಸಿ ನಂಬರು ಹಾಕಿದೆ.
ಈ ಜಾತಿಯ ಕಮಾನಿಗೆ ನೆತ್ತಿಯಲ್ಲಿ ಬೀಗದ ಕಲ್ಲಿಲ್ಲ,
ಬರೀ ಒಂದು ಸಂದು.
ತೊಲೆಯಾದರೆ ಒಂಟಿಯಾಗಿ ಹೊರುತ್ತದೆ, ಮುರಿದರೆ ಮುಗಿಯಿತು.
ಇಲ್ಲಿ ಪ್ರತಿ ಕಲ್ಲೂ ಬೀಳುತ್ತಲೇ ಇರುತ್ತದೆ,
ಪಕ್ಕದ ಕಲ್ಲಿನ ಮೇಲೆ, ಅದು ಅದರ ಪಕ್ಕದ್ದರ ಮೇಲೆ,
ನೂರೈವತ್ತು ವರ್ಷದಿಂದ ಬೀಳುತ್ತಿದೆ,
ಇನ್ನೂ ಬಿದ್ದು ಮುಗಿದಿಲ್ಲ.

ಗಾರೆಗೆ ಬೆಲ್ಲದ ನೀರು ಹಾಕಿ ಕಲ್ಲು ಕೂರಿಸಿದೆ.
ಕೆಳಗೆ ಹಲಸಿನ ಮರದ ಸೆಂಟ್ರಿಂಗು.
"ಎಂಟು ದಿನ ಯಾರೂ ಮುಟ್ಟಬೇಡಿ" ಎಂದೆ.
ನಾಲ್ಕನೆಯ ದಿನವೇ ಜಂಶೀರನಿಗೆ ಕೈ ತಡೆಯದು:
"ಒಂದು ಬೆಣೆ ಮಾತ್ರ, ಮೇಸ್ತ್ರಿ?"
ಬೈದೆ. ಬೈದದ್ದು ಸ್ವಲ್ಪ ಜಾಸ್ತಿಯಾಯಿತು.
ಅವನು ಮಾತು ಬದಲಿಸಲು ನನ್ನ ಎಡದೋಳು ತೋರಿಸಿ
"ಅದೇನು, ಸುಟ್ಟದ್ದಾ?" ಎಂದ.
ಎಂಟಾಣೆಯಗಲದ ಎರಡು ಗುರುತು.
ಚುಚ್ಚಿದ್ದು ಚೂಪು, ಉಳಿದದ್ದು ದುಂಡು.
ದಾಕು ಎಂದೆ. ಅವನಿಗೆ ಆ ಪದ ಗೊತ್ತಿಲ್ಲ.

ಎಂಟನೆಯ ಬೆಳಿಗ್ಗೆ ಬೆಣೆಗಳನ್ನು ಒಂದೊಂದಾಗಿ ಬಡಿದು ತೆಗೆದೆ.
ಫಾದರ್ ಶಿಲುಬೆ ಗುರುತು ಮಾಡಿದರು, ಜಂಶೀರ ಹೊರಗೆ ಓಡಿದ.
ಕಮಾನು ನೂಲೆಳೆಯಷ್ಟು ಕುಸಿಯಿತು,
ಎಲ್ಲೋ ಒಳಗೆ ಕಲ್ಲು ಕಲ್ಲನ್ನು ವಿಚಾರಿಸಿತು,
ನಿಂತಿತು.

ಕೂಲಿ ಎಣಿಸಿಕೊಳ್ಳುವಾಗ
ಯಾಕೋ ಆ ಎರಡು ಗುರುತಿನ ಜಾಗ ತುರಿಸಿತು.
ಕೈಯಲ್ಲಿ ನೋಟಿದ್ದವು.
ಕೆರೆಯಲಿಲ್ಲ.